ಗೋಡೆಯ ಮೇಲಿನ ಬಾಷಾಬಿ

ಹುಚ್ಚೀರಪ್ಪ ಮಾಸ್ತರರು ತೀರಿಕೊಂಡು ವರ್ಷವಾದ ಮೇಲೆ ಅವರ ಮಕ್ಕಳು ಬೆಂಗಳೂರಿನಲ್ಲಿ ಅವರ ಚಿತ್ರಗಳ ಪ್ರದರ್ಶನ ಇಟ್ಟರು. ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ಕುಷ್ಟಗಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದ ದುರ್ಗಾದೇವಿ ಅದನ್ನು ಎರಡು ಸಲ ಓದಿದಳು. ಮರುದಿನ ಕೊಪ್ಪಳದಲ್ಲಿದ್ದ ಕಾಸೀಮಬೀಗೆ ಫೋನು ಮಾಡಿದಳು.

“ಹೋಗಿ ಬರೂಣೇನ?”

“ಎಲ್ಲಿಗೆ?”

“ಬೆಂಗಳೂರಿಗೆ. ಮಾಸ್ತರ ಚಿತ್ರ ನೋಡಾಕ. ಹಂಗ ಉಳದ ಗ್ಯಾಲರೀನೂ ನೋಡಿ ಬರೂಣು. ಇಷ್ಟು ವರ್ಷ ಬರೇ ಪುಸ್ತಕದಾಗ ನೋಡೀವಿ.”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. “ನನ್ನ ಮೊಣಕಾಲು ನಿನಗ ಗೊತ್ತೈತಲ್ಲ” ಎಂದಳು ಕಾಸೀಮಬೀ. ಆಮೇಲೆ ತಾನೇ, “ಬರ್ತೀನಿ ತಗೋ. ಮಾಸ್ತರ ಮಣ್ಣಿಗೂ ಹೋಗಲಿಲ್ಲ ನಾನು” ಎಂದಳು.

ಇಬ್ಬರೂ ಗದಗಿನಲ್ಲಿ ಹುಚ್ಚೀರಪ್ಪ ಮಾಸ್ತರರ ಹತ್ತಿರ ಚಿತ್ರಕಲೆ ಕಲಿಯುವಾಗ ಒಂದೇ ಕೋಣೆಯಲ್ಲಿ ಇದ್ದವರು. ಬೆಂಗಳೂರಿಗೆ ಹೋಗಿ ದೊಡ್ಡ ದೊಡ್ಡ ಪ್ರದರ್ಶನ ನೋಡಬೇಕು ಎಂದು ಆಗಿನಿಂದಲೂ ಮಾತಾಡಿಕೊಳ್ಳುತ್ತಿದ್ದರು. ಕಾಸೀಮಬೀ ಕೊನೆಯ ಪರೀಕ್ಷೆಗೆ ಕೂರಲಿಲ್ಲ; ಅಷ್ಟರಲ್ಲಿ ಮದುವೆ ಗೊತ್ತಾಗಿ ಕೊಪ್ಪಳಕ್ಕೆ ಹೋದಳು. ಗಂಡ ರಸೂಲಸಾಬನದು ಜವಾಹರ ರಸ್ತೆಯ ಹಿಂದೆ ತಗಡಿನ ಟ್ರಂಕು, ಕೂಲರ್ ಮಾಡುವ ಅಂಗಡಿ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತ ಮೂವತ್ತು ವರ್ಷ ಕಳೆದಿದ್ದಳು. ದುರ್ಗಾದೇವಿಗೆ ನೌಕರಿ ಸಿಕ್ಕಿತು. ಮೊದಮೊದಲು ರಜೆಯಲ್ಲಿ ಕ್ಯಾನ್ವಾಸು ಬಿಗಿದುಕೊಂಡು ಕೂರುತ್ತಿದ್ದಳು. ಆಮೇಲೆ ಮತದಾರರ ಪಟ್ಟಿಯ ಕೆಲಸ, ಬಿಸಿಯೂಟದ ಉಸ್ತುವಾರಿ, ಯಾರಾದರೂ ರಜೆ ಹಾಕಿದರೆ ಅವರ ತರಗತಿ, ಇವೇ ಹೆಚ್ಚಾದವು. ಡ್ರಾಯಿಂಗ್ ಪಿರಿಯಡ್ಡನ್ನು ಗಣಿತದವರು ಕೇಳಿ ತೆಗೆದುಕೊಳ್ಳುತ್ತಿದ್ದರು. ಅವಳೂ ಕೊಟ್ಟುಬಿಡುತ್ತಿದ್ದಳು.

ಶನಿವಾರ ರಾತ್ರಿಯ ರೈಲು ಹತ್ತಿ, ಭಾನುವಾರ ಒಂದು ದಿನ ಸುತ್ತಿ, ಮತ್ತೆ ರಾತ್ರಿಯ ರೈಲಿಗೆ ಹಿಂದಿರುಗುವುದೆಂದು ಮಾತಾಯಿತು. ಸೋಮವಾರ ದುರ್ಗಾದೇವಿ ಶಾಲೆಗೆ ಹೋಗಲೇಬೇಕಿತ್ತು. ರೈಲಿನಲ್ಲಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಕಾಸೀಮಬೀಗೆ ಮೇಲಿನ ಸೀಟು ಹತ್ತಲಾಗದೆ, ಒಂದೇ ಕೆಳಗಿನ ಸೀಟಿನಲ್ಲಿ ಇಬ್ಬರೂ ಕಾಲು ಮಡಚಿ ಕುಳಿತೇ ಬಂದರು. ಬೆಂಗಳೂರಿನ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಚಹಾ ಕುಡಿದು ಹೊರಬಿದ್ದರು.

ಮೊದಲು ಹೋದದ್ದು ಒಂದು ಹಳೆಯ ಬಂಗಲೆಗೆ. ಅಲ್ಲಿ ರಾಜರ ಕಾಲದ ಚಿತ್ರಗಳಿದ್ದವು. ದುರ್ಗಾದೇವಿ ಒಂದೊಂದರ ಮುಂದೂ ನಿಂತಳು. ಪುಸ್ತಕದಲ್ಲಿ ಅಂಗೈಯಷ್ಟು ಇದ್ದ ಚಿತ್ರ ಇಲ್ಲಿ ಗೋಡೆಯಷ್ಟು ಇತ್ತು. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕಣ್ಣಿಗೆ ಕಾಣುತ್ತಿತ್ತು. ಮೊದಲ ಕೋಣೆಯಲ್ಲಿ ಅವಳಿಗೆ ಎದೆ ತುಂಬಿ ಬಂತು. ಎರಡನೆಯದರಲ್ಲಿ ಸಂತೋಷವಾಯಿತು. ಆಮೇಲಿನ ಕೋಣೆಗಳಲ್ಲಿ ಸೊಂಟ ನೋಯತೊಡಗಿತು. ಇಷ್ಟೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬೇಕಲ್ಲ ಎಂಬ ಆತುರದಲ್ಲಿ ಯಾವುದೂ ಒಳಗೆ ಇಳಿಯುತ್ತಿಲ್ಲ ಎನಿಸಿತು. ಈ ಊರಿನಲ್ಲೇ ಇರುವವರು ವಾರಕ್ಕೊಂದು ನೋಡಬಹುದು. ಅವಳು ಮೂವತ್ತು ವರ್ಷದ್ದನ್ನು ಒಂದು ಭಾನುವಾರದೊಳಗೆ ತುರುಕುತ್ತಿದ್ದಳು.

ಮುಂದಿನದು ಹೊಸ ಕಾಲದ ಗ್ಯಾಲರಿ. ಅಲ್ಲಿ ಚಿತ್ರಗಳೇ ಇರಲಿಲ್ಲ. ಒಂದು ಕತ್ತಲ ಕೋಣೆಯ ಗೋಡೆಗಳ ಮೇಲೆಲ್ಲ ಸಮುದ್ರದ ನೀರು ಅಲುಗುತ್ತಿತ್ತು, ಸಣ್ಣಗೆ ಅಲೆಯ ಸದ್ದು. ತಂಪಾಗಿ ಎ.ಸಿ. ಬೀಸುತ್ತಿತ್ತು. ನೆಲದ ಮೇಲೆ ಮೆತ್ತೆಗಳಿದ್ದವು. ಕಾಸೀಮಬೀ ಗೋಡೆಗೆ ಒರಗಿ ಕಾಲು ಚಾಚಿದವಳು ಅಲ್ಲೇ ನಿದ್ದೆ ಹೋದಳು. ಕಾವಲಿನ ಹೆಣ್ಣುಮಗಳು ಬಂದು, “ಇಲ್ಲಿ ಮಲಗೋ ಹಾಗಿಲ್ಲ ಮೇಡಂ” ಎಂದು ಮೆಲ್ಲಗೆ ಹೇಳಿದಳು.

“ಇವತ್ತು ನೋಡಿದ್ರಾಗ ಇದ ಛಲೋ ಐತಿ ನೋಡು” ಎಂದಳು ಕಾಸೀಮಬೀ, ಎದ್ದು ಕಣ್ಣುಜ್ಜಿಕೊಳ್ಳುತ್ತ.

ಮಧ್ಯಾಹ್ನ ಒಂದು ಉದ್ಯಾನದ ಹುಲ್ಲಿನ ಮೇಲೆ ಕುಳಿತು, ಕಟ್ಟಿಕೊಂಡು ಬಂದಿದ್ದ ಚಪಾತಿ ತಿಂದರು. ಎದುರಿಗೆ ಬಣ್ಣದ ಬಟ್ಟೆಯ ಚಪ್ಪರ ಹಾಕಿ ಯಾವುದೋ ಉತ್ಸವ ನಡೆಸುತ್ತಿದ್ದರು. ಡೊಳ್ಳಿನ ಸದ್ದು ಕೇಳಿ ದುರ್ಗಾದೇವಿ ಎದ್ದು ನಿಂತು ನೋಡಿದಳು. ಅಷ್ಟರಲ್ಲೇ ಅದು ಮುಗಿಯಿತು. ಡೊಳ್ಳಿನವರು ಬಂದು ಇವರ ಪಕ್ಕದ ಮರದ ನೆರಳಿನಲ್ಲಿ ಕೂತರು. ಅವರಲ್ಲಿ ಹಿರಿಯನೊಬ್ಬ ಇವರ ಮಾತು ಕೇಳಿಸಿಕೊಂಡು, “ಯಾವೂರವ್ವ?” ಎಂದ.

“ನಾನು ಕುಷ್ಟಗಿ. ಈಕಿ ಕೊಪ್ಪಳ. ನೀವರಿ?”

“ನಿಮ್ಮ ಬಾಜೂಕ, ಇರಕಲ್ಲಗಡ.” ಅವನು ಪೇಟ ಬಿಚ್ಚಿ ಮುಖ ಒರೆಸಿಕೊಂಡ. “ಬೆಳಗಿನಿಂದ ಇದು ಮೂರನೇ ಕಡೆ. ಸಂಜಿಗೆ ಇನ್ನೊಂದೈತಿ. ಹತ್ತು ನಿಮಿಷ ಬಾರಿಸಿದರ ಸಾಕಂತಾರ್ರಿ ಇಲ್ಲಿ. ಮೈ ಬೆಚ್ಚಗಾಗೂದರಾಗ ಮುಗದಿರ್ತೈತಿ.”

ಕಾಸೀಮಬೀ ಉಳಿದ ಎರಡು ಚಪಾತಿಗಳನ್ನು ಅವನಿಗೆ ಕೊಟ್ಟಳು. ಅವನು ಒಂದನ್ನು ಪಕ್ಕದವನಿಗೆ ದಾಟಿಸಿದ.

ಮಾಸ್ತರರ ಪ್ರದರ್ಶನವನ್ನು ಕೊನೆಗೆ ಇಟ್ಟುಕೊಂಡಿದ್ದರು. ಅಲ್ಲಿಂದ ನಿಲ್ದಾಣ ಹತ್ತಿರವೆಂಬುದು ಒಂದು ಕಾರಣ. ಸಮಾಧಾನದಿಂದ ನೋಡಬೇಕೆಂಬುದು ಇನ್ನೊಂದು. ಆದರೆ ಆಟೋ ಇಳಿಯುವ ಹೊತ್ತಿಗೆ ಕಾಸೀಮಬೀಯ ಮೊಣಕಾಲು ಬಾತಿತ್ತು. ಅಂಗಳದ ಕಲ್ಲಿನ ಬೆಂಚಿನ ಮೇಲೆ ಅವಳು ಕುಳಿತೇಬಿಟ್ಟಳು.

“ನೀ ನೋಡಿ ಬಾ. ನಾ ಆಮ್ಯಾಲ ಬರ್ತೀನಿ.”

ದುರ್ಗಾದೇವಿ ಒಬ್ಬಳೇ ಒಳಗೆ ಹೋದಳು. ಉದ್ದನೆಯ ಕೋಣೆ, ಬಿಳಿ ಗೋಡೆ, ಐದಾರು ಜನ. ಮಾಸ್ತರರ ಚಿತ್ರಗಳೆಲ್ಲ ಅವಳಿಗೆ ಪರಿಚಯದವು: ಕಪ್ಪತಗುಡ್ಡ, ಎಮ್ಮೆಗಳು, ಕುಷ್ಟಗಿ ಕಡೆಯ ಕೆಂಪು ಹೊಲಗಳು. ಅವರ ಗೆರೆ ಗಟ್ಟಿ, ಬಣ್ಣ ಒರಟು. ಒಂದೊಂದನ್ನೇ ದಾಟುತ್ತ ಕೊನೆಯ ಗೋಡೆಗೆ ಬಂದಾಗ ಅವಳು ನಿಂತಳು.

ಆ ಗೋಡೆಯ ಮೇಲೆ ಒಂದೇ ಒಂದು ಚಿತ್ರ ಇತ್ತು. ಅಕ್ಕಿ ಮೂಟೆಗಳ ಸಾಲಿಗೆ ಬೆನ್ನು ಕೊಟ್ಟು ಕುಳಿತ ಒಬ್ಬ ಹೆಂಗಸು. ತಲೆ ಸ್ವಲ್ಪ ಹಿಂದಕ್ಕೆ ವಾಲಿದೆ, ಬಾಯಿ ತುಸು ತೆರೆದಿದೆ, ಕಣ್ಣು ಮುಚ್ಚಿದೆ. ಹುಬ್ಬಿನ ಮೇಲೆ, ಕಿವಿಯ ಹಿಂದೆ ತೌಡಿನ ಧೂಳು. ಪಕ್ಕದ ಫಲಕದಲ್ಲಿ ‘ಧ್ಯಾನ’ ಎಂದು ಬರೆದಿತ್ತು, ಅದರ ಕೆಳಗೆ ಹುಚ್ಚೀರಪ್ಪ ಮಾಸ್ತರರ ಹೆಸರು.

ಆ ಹೆಂಗಸು ಬಾಷಾಬಿ, ಕಾಸೀಮಬೀಯ ತಾಯಿ. ಕಾರಟಗಿಯ ರೈಸ್ ಮಿಲ್ಲಿನಲ್ಲಿ ಕೂಲಿಗಿದ್ದಳು. ಒಂದು ಬೇಸಿಗೆ ರಜೆಯಲ್ಲಿ ದುರ್ಗಾದೇವಿ ಅವರ ಮನೆಗೆ ಹೋಗಿದ್ದಾಗ, ಮಧ್ಯಾಹ್ನ ಬುತ್ತಿ ಕೊಡಲು ಇಬ್ಬರೂ ಮಿಲ್ಲಿಗೆ ಹೋಗಿದ್ದರು. ಉಂಡ ಮೇಲೆ ಬಾಷಾಬಿ ಮೂಟೆಗೆ ಒರಗಿ ಹಾಗೇ ನಿದ್ದೆ ಹೋದಳು. ಕಾಸೀಮಬೀ ಎದುರಿಗೆ ಕೂತು ಗೀಚಿಕೊಂಡಳು. ಗದಗಿಗೆ ಬಂದು ಅದನ್ನೇ ಬಣ್ಣದಲ್ಲಿ ಮಾಡಿದಳು. ಎರಡು ತಿಂಗಳು ಕೋಣೆಯ ತುಂಬ ಎಣ್ಣೆಯ ವಾಸನೆ. ದುರ್ಗಾದೇವಿ ಆ ವಾಸನೆಯಲ್ಲೇ ಮಲಗಿ ಏಳುತ್ತಿದ್ದಳು.

ಇಬ್ಬರು ಹುಡುಗಿಯರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಬಾಗಿಲ ಬಳಿ ಮಾರಾಟಕ್ಕಿಟ್ಟ ಪುಸ್ತಕದ ಮುಖಪುಟದಲ್ಲೂ ಇದೇ ಚಿತ್ರ.

ದುರ್ಗಾದೇವಿ ಬಾಗಿಲ ಕಡೆ ತಿರುಗಿದಳು. ಹೊರಗೆ ಕಾಸೀಮಬೀ ಕಾಲು ನೀವಿಕೊಳ್ಳುತ್ತ ಕುಳಿತಿದ್ದಾಳೆ. ಅವಳಿಗೆ ಒಳಗೆ ಬರುವ ಮನಸ್ಸೂ ಇದ್ದಂತಿಲ್ಲ. ರೈಲಿನ ಹೊತ್ತಾಯಿತು ಎಂದು ಕರೆದುಕೊಂಡು ಹೋದರೆ ಮುಗಿಯಿತು. ಕೇಳುವುದು, ಹೇಳುವುದು, ಅಪರಿಚಿತರ ಮುಂದೆ ವಾದ ಮಾಡುವುದು ಯಾವುದೂ ಇಲ್ಲ. ಇಷ್ಟೇ ಆಗಿದ್ದರೆ ಅದನ್ನು ದಣಿವು ಎನ್ನಬಹುದಿತ್ತು. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದು ಅವಳಿಗೂ ಗೊತ್ತಾಯಿತು. ಬಣ್ಣ ಬಿಟ್ಟು ಬ್ಲೌಸು ಹೊಲಿದವಳ ಚಿತ್ರ ಈ ಊರಿನ ಗೋಡೆಯ ಮೇಲಿದೆ. ಇಡೀ ಜೀವಮಾನ ಚಿತ್ರಕಲೆಯ ಹೆಸರಿನಲ್ಲೇ ಸಂಬಳ ತಿಂದ ತನ್ನದು ಎಲ್ಲಿಯೂ ಇಲ್ಲ.

ಅವಳು ಹೊರಗೆ ಬಂದಳು.

“ಹೆಂಗದಾವು?” ಎಂದಳು ಕಾಸೀಮಬೀ.

“ಅದಾವು.”

“ನಾ ಬರಂಗಿಲ್ಲ ತಗೋ. ಇವತ್ತಿಗೆ ಚಿತ್ರ ಸಾಕಾಗ್ಯಾವ ನನಗ. ಮಾಸ್ತರಿಗೆ ಇಲ್ಲಿಂದನ ಕೈ ಮುಗದೇನಿ. ನಡಿ, ಸ್ಟೇಷನ್ನಿನಾಗ ಕುಂದ್ರೂಣು.”

ದುರ್ಗಾದೇವಿ ಅವಳ ಚೀಲ ಎತ್ತಿಕೊಂಡಳು. ಗೇಟಿನ ಕಡೆ ನಾಲ್ಕು ಹೆಜ್ಜೆ ಇಟ್ಟವಳು ಹಾಗೇ ನಿಂತಳು. ಮಿಲ್ಲಿನಲ್ಲಿ ಅವತ್ತು ಬಾಷಾಬಿ ತನ್ನ ಬುತ್ತಿಯ ಅರ್ಧವನ್ನು ಇವಳಿಗೂ ತಿನ್ನಿಸಿದ್ದು ನೆನಪಾಯಿತು.

“ಎದ್ದು ಒಳಗ ಬಾ” ಎಂದಳು.

“ಕಾಲು ನೋಯ್ತಾವ ಅಂತ ಹೇಳೀನಲ್ಲ.”

“ನೋಯ್ಲಿ. ನನ್ನ ಹೆಗಲ ಹಿಡಕೊಂಡು ಬಾ.”

ಕಾಸೀಮಬೀ ಅವಳ ಮುಖ ನೋಡಿ ಎದ್ದಳು. ಎಮ್ಮೆಗಳನ್ನೂ ಗುಡ್ಡಗಳನ್ನೂ ದಾಟಿ ನೇರವಾಗಿ ಕೊನೆಯ ಗೋಡೆಗೆ ಕರೆದೊಯ್ದಳು ದುರ್ಗಾದೇವಿ. ಕಾಸೀಮಬೀ ಒಮ್ಮೆ ನೋಡಿದಳು. ಅತ್ತಿತ್ತ ಕೈಯಾಡಿಸಿ ಕುರ್ಚಿ ಹುಡುಕಿದಳು. ಕಾವಲಿನವನು ತನ್ನ ಸ್ಟೂಲನ್ನೇ ತಂದುಕೊಟ್ಟ. ಅದರ ಮೇಲೆ ಕುಳಿತು, ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು ನೋಡಿದಳು.

“ಅಮ್ಮಾ” ಎಂದಳು ಕೊನೆಗೆ, ಚಿತ್ರಕ್ಕೆ ಹೇಳಿದಂತೆ.

ಬಾಷಾಬಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವಳದೊಂದು ಸರಿಯಾದ ಫೋಟೊ ಮನೆಯಲ್ಲಿ ಇರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ನಿಂತದ್ದೊಂದಿತ್ತು. ಅದರಲ್ಲೂ ಅರ್ಧ ಮುಖ ಸೆರಗಿನಲ್ಲಿತ್ತು.

ಮಾಸ್ತರರ ಕಿರಿಯ ಮಗ ಹನುಮೇಶ ಅಲ್ಲೇ ಮೇಜಿನ ಹಿಂದೆ ಇದ್ದ. ಬ್ಯಾಂಕಿನಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಮನುಷ್ಯ. ಹೆಂಗಸೊಬ್ಬಳು ಚಿತ್ರದ ಮುಂದೆ ಅಳುತ್ತಿರುವುದನ್ನು ಕಂಡು ಹತ್ತಿರ ಬಂದ.

“ಅಪ್ಪಾರ ಕಡೆ ಕಲತವ್ರೇನ್ರಿ?”

“ಹೌದ್ರಿ” ಎಂದಳು ದುರ್ಗಾದೇವಿ. ಆಮೇಲೆ ಒಂದೇ ಉಸಿರಿಗೆ, “ಈ ಚಿತ್ರ ನಿಮ್ಮ ಅಪ್ಪಾರದಲ್ಲರಿ. ಈಕಿ ಬರದಿದ್ದು. ಬರಿಯೂ ಮುಂದ ನಾನೂ ಇದ್ದೆ. ಅದರಾಗಿರಾಕಿ ಈಕಿ ತಾಯಿ” ಎಂದಳು.

ಹನುಮೇಶ ಇಬ್ಬರನ್ನೂ ನೋಡಿದ. ಸಿಟ್ಟಾಗುತ್ತಾನೆಂದು ದುರ್ಗಾದೇವಿ ಅಂದುಕೊಂಡಿದ್ದಳು. ಅವನು ಸಿಟ್ಟಾಗಲಿಲ್ಲ. ಮೇಜಿನ ಹಿಂದಿನ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

“ಇದು ಅಟ್ಟದ ಮ್ಯಾಲಿತ್ತ್ರಿ. ಅಪ್ಪಾರ ಹಳೇ ಧೋತರದಾಗ ಸುತ್ತಿ, ಮ್ಯಾಲ ಪ್ಲಾಸ್ಟಿಕ್ ಕಟ್ಟಿ ಇಟ್ಟಿದ್ರು. ತಮ್ಮ ಚಿತ್ರ ಯಾವುದನ್ನೂ ಅವರು ಹಂಗ ಇಟ್ಟಾವರಲ್ಲ. ಗೆದ್ದಲ ಹತ್ತಿ ಹಾಳಾಗ್ಯಾವ ಎಷ್ಟೋ. ಇದನ್ನ ಇಷ್ಟು ಜ್ವಾಕಿ ಮಾಡ್ಯಾರಂದ್ರ ಅವರಿಗೆ ಭಾಳ ಬೇಕಾದದ್ದಿರಬೇಕು ಅಂದ್ಕೊಂಡಿವಿ. ಸಹಿ ಇರಲಿಲ್ಲ. ಹೆಸರೂ ನಾವ ಇಟ್ಟಿವಿ.”

“ಸಹಿ ಮಾಡಿರಲಿಲ್ಲರಿ ನಾನು” ಎಂದಳು ಕಾಸೀಮಬೀ. “ಇನ್ನೂ ಮುಗದಿಲ್ಲ ಅಂತ ಬಿಟ್ಟಿದ್ದೆ. ಅಷ್ಟರಾಗ ಲಗ್ನ ಆತು. ಗಂಡನ ಮನ್ಯಾಗ ಹಿಂಗ ಮನಷ್ಯಾರ ಚಿತ್ರ ಹಾಕಾಕ ಒಪ್ತಿರಲಿಲ್ಲ, ಮಾವ ಇದ್ರು ಆವಾಗ. ಮಾಸ್ತರ ಮನ್ಯಾಗ ಕೊಟ್ಟೆ. ಇಟ್ಟಿರ್ತೀನಿ, ಬಂದು ಒಯ್ಯಿ ಅಂದ್ರು. ನಾ ಹೋಗಲೇ ಇಲ್ಲ.”

ಆಮೇಲೆ ಫಲಕದ ಕಡೆ ಕೈ ತೋರಿಸಿ, “ಧ್ಯಾನ ಅಲ್ಲರಿ ಅದು. ನಿದ್ದಿ. ಬೆಳಗಿನಿಂದ ಮೂಟಿ ಹೊತ್ತು ದಣದಿದ್ಲು” ಎಂದಳು.

ಹನುಮೇಶ ಫಲಕದ ಕಡೆ ನೋಡಿ ತಲೆ ತಗ್ಗಿಸಿದ. ಪುಸ್ತಕ ಆಗಲೇ ಅಚ್ಚಾಗಿದೆ, ಪತ್ರಿಕೆಯಲ್ಲಿ ಬಂದಿದೆ, ಅಣ್ಣ ಗೋವಿಂದರಾಜನನ್ನು ಕೇಳಬೇಕು ಎಂದೆಲ್ಲ ಹೇಳಿದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ, ಪೇಚಾಟ ಇತ್ತು. “ಈಗ ಏನು ಮಾಡ್ಲಿ ಹೇಳ್ರಿ” ಎಂದ.

ಇರಲಿ ಬಿಡ್ರಿ, ಗುರುಗಳ ಹೆಸರಿನಲ್ಲೇ ಇರಲಿ ಎಂದು ಕಾಸೀಮಬೀ ಅನ್ನುತ್ತಾಳೆಂದು ದುರ್ಗಾದೇವಿ ಎಣಿಸಿದ್ದಳು. ಅವಳ ಸ್ವಭಾವ ಹಾಗಿತ್ತು. ಬ್ಲೌಸು ಕೆಟ್ಟಿತೆಂದು ಯಾರಾದರೂ ತಕರಾರು ತೆಗೆದರೆ ತಪ್ಪು ತನ್ನದಲ್ಲದಿದ್ದರೂ ಬಿಚ್ಚಿ ಹೊಲಿದುಕೊಡುವವಳು.

“ನನ್ನ ಹೆಸರ ಬರೀರಿ” ಎಂದಳು ಕಾಸೀಮಬೀ.

“ಹಾಂ?”

“ಕಾಸೀಮಬೀ, ಕಾರಟಗಿ ಅಂತ ಬರೀರಿ. ಅಮ್ಮನ ಹೆಸರೂ ಬರೀರಿ, ಬಾಷಾಬಿ. ಮಾಸ್ತರು ಜ್ವಾಕಿ ಮಾಡಿದ್ರು ಅಂತಾನೂ ಬರೀರಿ ಬೇಕಾದ್ರ.”

ಹನುಮೇಶ ಮೇಜಿನಿಂದ ದಪ್ಪ ಕಾಗದ ತಂದ. ಅವನ ಅಕ್ಷರ ಚೆನ್ನಾಗಿರಲಿಲ್ಲ. ದುರ್ಗಾದೇವಿ ಪೆನ್ನು ತೆಗೆದುಕೊಂಡು, ಶಾಲೆಯ ಫಲಕದ ಮೇಲೆ ಬರೆಯುವ ಗುಂಡನೆಯ ಅಕ್ಷರದಲ್ಲಿ ತಾನೇ ಬರೆದಳು. ಒಂದು ಕಾಗದ ಕೆಟ್ಟು ಇನ್ನೊಂದು ತೆಗೆದುಕೊಂಡಳು. ಹನುಮೇಶ ಅದನ್ನು ‘ಧ್ಯಾನ’ದ ಮೇಲೆ ಅಂಟಿಸಿದ.

ರೈಲಿಗೆ ಇನ್ನೂ ಹೊತ್ತಿತ್ತು. ಕಾಸೀಮಬೀ ಸ್ಟೂಲಿನಿಂದ ಏಳಲಿಲ್ಲ. ಜನ ಬಂದು ನೋಡಿ ಹೋಗುತ್ತಿದ್ದರು. ಅವಳೇ ಬರೆದವಳೆಂದು ಯಾರಿಗೂ ಗೊತ್ತಿರಲಿಲ್ಲ, ಅವಳೂ ಹೇಳಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲು ಇಳಿದರು.

ಮುಂದಿನ ವಾರಗಳಲ್ಲಿ ಹನುಮೇಶ ಎರಡು ಸಲ ಫೋನು ಮಾಡಿದ. ಅಣ್ಣನಿಗೆ ಸರಿಬರಲಿಲ್ಲವಂತೆ, ಅಪ್ಪನ ಪ್ರದರ್ಶನದಲ್ಲಿ ಅಪ್ಪನಿಗೇ ಅವಮಾನ ಮಾಡಿದೆ ಎಂದು ಬೈದನಂತೆ. ಹೆಸರಿನ ಚೀಟಿ ಪ್ರದರ್ಶನದ ಕೊನೆಯ ದಿನದವರೆಗೆ ಇತ್ತು, ಪುಸ್ತಕ ಮಾತ್ರ ಇದ್ದಂತೆಯೇ ಇದೆ. “ಅದನ್ನ ತಿದ್ದೂದು ನನ್ನ ಕಡೆ ಆಗಂಗಿಲ್ಲರಿ. ಚಿತ್ರ ಮಾತ್ರ ನಿಮ್ಮದು ನಿಮಗ ಕಳಸ್ತೀನಿ” ಎಂದ. ದೀಪಾವಳಿ ಕಳೆದ ಮೇಲೆ ಅದು ಕಟ್ಟಿಗೆಯ ಚೌಕಟ್ಟಿನಲ್ಲಿ ಕೊಪ್ಪಳಕ್ಕೆ ಬಂತು.

ಒಂದು ಭಾನುವಾರ ದುರ್ಗಾದೇವಿ ನೋಡಲು ಹೋದಳು. ರಸೂಲಸಾಬ ತಾನೇ ಅಂಗಡಿಯ ಸುತ್ತಿಗೆ, ಮೊಳೆ ತಂದು ಹೊಲಿಗೆಯ ಕೋಣೆಯಲ್ಲಿ ಅದನ್ನು ತೂಗುಹಾಕಿದ್ದ. “ಒಳಗ ನಮಾಜ್ ಮಾಡೂ ಜಾಗಾ ಐತ್ರಿ, ಅಲ್ಲಿ ಬ್ಯಾಡ ಅಂದೆ. ಇಲ್ಲಿ ಇರಲಿ. ಅತ್ತಿ ಖರೇನ ಹಿಂಗ ಮಕ್ಕೋತಿದ್ರು, ಎಲ್ಲಿ ಕುಂತ್ರ ಅಲ್ಲೇ” ಎಂದು ಹೇಳಿ, ಚಹಾ ತರಲು ಹೋದ.

ಆ ಸಣ್ಣ ಕೋಣೆಯಲ್ಲಿ ಚಿತ್ರ ದೊಡ್ಡದಾಗಿ ಕಂಡಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ಸ್ವಲ್ಪ ಮಂಕಾಗಿತ್ತು.

“ಒಂದು ಮಾತು ಖರೇ ಹೇಳ್ತೀಯೇನ?” ಎಂದಳು ಕಾಸೀಮಬೀ. “ನೀ ಮಕ್ಕಳಿಗೆ ಮಾರ್ಕ್ಸ್ ಹಾಕಾಕಿ. ಹೆಂಗೈತಿ ಇದು?”

ದುರ್ಗಾದೇವಿ ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು. “ಮುಖ ಭಾಳ ಛಲೋ ಐತಿ. ಎಡಗೈ ತಪ್ಪೈತಿ. ಮೊಣಕೈಯಿಂದ ಕೆಳಗ ಉದ್ದ ಆಗೈತಿ. ಮೂಟಿ ಅವಸರದಾಗ ಮಾಡೀದಿ.”

“ನನಗೂ ಅವತ್ತ ಬೆಂಗಳೂರಾಗ ಕಂಡಿತು.” ಕಾಸೀಮಬೀ ಯಂತ್ರದ ಮೇಲಿನ ದಾರದ ತುಂಡುಗಳನ್ನು ಒಟ್ಟು ಮಾಡಿದಳು. “ಇಷ್ಟು ವರ್ಷ ಏನಂದ್ಕೊಂಡಿದ್ದೆ ಗೊತ್ತೇನ? ಬಿಟ್ಟಿರದಿದ್ರ ನಾ ಏನೋ ಆಗ್ತಿದ್ದೆ ಅಂತ. ರಾತ್ರಿ ಮಕ್ಕೊಂಡಾಗ ಅದನ್ನ ನೆನಸಿ ಸಂಕಟಾನೂ ಆಗ್ತಿತ್ತು, ಒಂದು ನಮೂನಿ ಧೈರ್ಯಾನೂ ಇರ್ತಿತ್ತು. ಈಗ ದಿನಾ ಎದುರಿಗೆ ಐತಿ. ಅಷ್ಟೇನು ದೊಡ್ಡದಲ್ಲ ಇದು. ಕಲಿಯೂ ಹುಡುಗಿ ಬರದಿದ್ದು.”

“ಕಲತಿದ್ರ ಕೈ ಸರಿ ಆಗ್ತಿತ್ತು.”

“ಆಗ್ತಿತ್ತೋ ಏನೋ.” ಅವಳು ನಕ್ಕಳು, ಆದರೆ ಆ ನಗುವಿನಲ್ಲಿ ಬಲ ಇರಲಿಲ್ಲ. “ನೀ ಏನರ ಬರದೀಯೇನ ಈಚೀಕ?”

“ಇಲ್ಲ.”

“ಯಾಕ?”

“ಸಾಲಿ ಬಿಟ್ಟು ಮನಿಗೆ ಬರೂದರಾಗ ಸಾಕಾಗಿರ್ತೈತಿ. ಬಂದು ಕುಂತರ ಏಳಬೇಕನಸಂಗಿಲ್ಲ.”

ಕಾಸೀಮಬೀ ಹೌದೆಂಬಂತೆ ತಲೆಯಾಡಿಸಿದಳು. ರಸೂಲಸಾಬ ಚಹಾ ತಂದಿಟ್ಟ. ಇಬ್ಬರೂ ಕುಡಿಯುತ್ತ ಕುಳಿತಿದ್ದಾಗ, ಯಲಬುರ್ಗಾದಿಂದ ತವರಿಗೆ ಬಂದಿದ್ದ ಒಬ್ಬ ಹೆಣ್ಣುಮಗಳು ಅರಿವೆಯ ಚೀಲ ಹಿಡಿದು ಒಳಗೆ ಬಂದಳು. ಗೋಡೆಯ ಕಡೆ ನೋಡಿದಳು.

“ಇವರ್ಯಾರ್ರಿ?”

“ನಮ್ಮ ಅಮ್ಮ.”

“ಯಾರ ಬರದಾರ್ರಿ?”

“ನಾನ.”

ಆ ಹೆಣ್ಣುಮಗಳು ಕಾಸೀಮಬೀಯನ್ನೊಮ್ಮೆ ನೋಡಿ, ಮತ್ತೆ ಚಿತ್ರದ ಹತ್ತಿರ ಹೋಗಿ ನಿಂತಳು. “ಪಾಪ, ಭಾಳ ದಣದಾರ” ಎಂದಳು. ಆಮೇಲೆ ಚೀಲದಿಂದ ಅರಿವೆ ತೆಗೆದು ಮೇಜಿನ ಮೇಲಿಟ್ಟು, ತೋಳು ಹೋದ ಸಲಕ್ಕಿಂತ ಸ್ವಲ್ಪ ಸಡಿಲ ಇರಲಿ ಎಂದು ಹೇಳಿದಳು. ಕಾಸೀಮಬೀ ಟೇಪು ಹಿಡಿದು ಎದ್ದಳು. ದುರ್ಗಾದೇವಿ ಕುಷ್ಟಗಿಯ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡಳು.